ಒಂದರ ನಂತರ ಹತ್ತು

ಚೂಟಿ ಗುಂಡಿ ಒತ್ತಿದ್ದೇ ತಡ, ನಡುರಾತ್ರಿಯಾಗಬೇಕಿದ್ದ ರಂಗದ ಮೇಲೆ ಫಳ್ಳನೆ ಬೆಳಗಾಯಿತು.

ಅಕ್ಕ ಆಗಷ್ಟೇ ಕಿಟಕಿ ಹಾರಿ ಒಳಗೆ ಬಂದಿದ್ದಳು. ನಾಟಕದಲ್ಲಿ ಅವಳು ಕಳ್ಳಿ. ಎರಡನೆಯ ದೃಶ್ಯದಲ್ಲಿ ಕತ್ತಲೆಯಲ್ಲಿ ಟಾರ್ಚ್ ಹಿಡಿದು ಬಂದು, ಮಲಗಿರುವ ಯಜಮಾನನ ದಿಂಬಿನಡಿ ಕೈ ಹಾಕಬೇಕು. ಈಗ ನೋಡಿದರೆ ಮುಖಕ್ಕೆ ಮುಸುಕು ಕಟ್ಟಿಕೊಂಡು, ಒಂದು ಕಾಲು ಮೇಲೆತ್ತಿ, ಹೊಂಬಿಸಿಲಿನಲ್ಲಿ ನಿಂತಿದ್ದಾಳೆ. ಟಾರ್ಚ್ ಬೇರೆ ಉರಿಯುತ್ತಿದೆ.

ಸಭಾಂಗಣದ ಹಿಂಬದಿಯ ಬೆಳಕಿನ ಕೋಣೆಯಲ್ಲಿ, ಗಾಜಿನ ಆಚೆ, ಚೂಟಿಯ ಜೀವ ಬಾಯಿಗೆ ಬಂತು. ಚೂಟಿ ಅನ್ನುವುದು ಅಕ್ಕ ಇಟ್ಟ ಹೆಸರು. ಆ ಚುರುಕು ಅಕ್ಕನ ಕಣ್ಣಿಗೆ ಮಾತ್ರ ಕಂಡದ್ದು. ಉಳಿದವರ ಪಾಲಿಗೆ ಅವಳು ಹೇಳಿದ್ದಕ್ಕೆಲ್ಲ "ಆಯ್ತು ಸಾರ್" ಅನ್ನುತ್ತ ಬಾಗಿಲ ಹತ್ತಿರ ನಿಲ್ಲುವ ಹುಡುಗಿ. ಇವತ್ತು ಮೊದಲ ಸಲ ಒಬ್ಬಳೇ ನಾಟಕಕ್ಕೆ ಬೆಳಕು ಕೊಡುತ್ತಿದ್ದಳು. ನಿರ್ದೇಶಕರಿಗೆ ಸುತರಾಂ ಇಷ್ಟವಿರಲಿಲ್ಲ. ಅಕ್ಕ ಹಟ ಹಿಡಿದಿದ್ದಳು: "ಅವಳೇನಾದ್ರೂ ಕೆಡಿಸಿದ್ರೆ ನನ್ನ ಕೇಳಿ." ಅವರು ಕೋಣೆಯ ಬೀಗದಕೈಯನ್ನು ಚೂಟಿಯ ಮೂಗಿನ ಮುಂದೆ ಕುಣಿಸಿ ಜೇಬಿಗೆ ಹಾಕಿಕೊಂಡಿದ್ದರು. "ಇವತ್ತು ಸರಿಹೋದ್ರೆ ಇದು ನಿಂದು. ಇಲ್ಲಾಂದ್ರೆ ನಾಳೆಯಿಂದ ಬೇರೆಯವರನ್ನ ನೋಡ್ಕೋತೀನಿ."

ಪಾಪ, ಚೊಕ್ಕಟ ಮಾಡಲು ಹೋಗಿ ಆದ ಅನಾಹುತ ಇದು. ನಾಟಕದ ಬೆಳಕೆಲ್ಲ ಕಂಪ್ಯೂಟರಿನಲ್ಲಿ ಒಂದು ಪಟ್ಟಿಯಾಗಿತ್ತು. ದೃಶ್ಯಕ್ಕೊಂದು ತಾಯಿ ಸಾಲು, ಅದರ ಹೊಟ್ಟೆಯೊಳಗೆ ಆ ದೃಶ್ಯದ ಬೆಳಕುಗಳು. ಗುಂಡಿ ಒತ್ತಿದಂತೆಲ್ಲ ಕಂಪ್ಯೂಟರು ಮೇಲಿನಿಂದ ಕೆಳಕ್ಕೆ ಒಂದೊಂದೇ ಸಾಲು ಇಳಿಯುತ್ತ ಹೋಗುತ್ತದೆ. ಇನ್ನೇನು ನಾಟಕ ಶುರುವಾಗಬೇಕು, ನಿರ್ದೇಶಕರು ಓಡಿಬಂದು ಮೊದಲ ದೃಶ್ಯಕ್ಕೆ ಇನ್ನೊಂದು ನೀಲಿ ಬೇಕು ಅಂದರು. ಚೂಟಿ ಸೇರಿಸಿದಳು. ಅದು ಆ ದೃಶ್ಯದ ತಳದಲ್ಲಿ ಹೋಗಿ ಕೂತಿತು. ಜಾಗಕ್ಕೆ ಬರಲಿ ಎಂದು ಪಟ್ಟಿಯ ತಲೆಯ ಮೇಲಿದ್ದ 'ಹೆಸರು' ಅನ್ನುವುದರ ಮೇಲೊಂದು ಕ್ಲಿಕ್ ಮಾಡಿದಳು. ಸಾಲುಗಳು ಸರಸರನೆ ಅತ್ತಿತ್ತ ಓಡಾಡಿ ಶಿಸ್ತಾಗಿ ನಿಂತವು. ನೀಲಿಯೂ ತನ್ನ ಜಾಗಕ್ಕೆ ಬಂತು. ಬಿಚ್ಚಿಕೊಂಡಿದ್ದ ಮೊದಲ ದೃಶ್ಯವೇ ಸ್ಕ್ರೀನ್ ತುಂಬ ಹರಡಿತ್ತು. ಕೆಳಗೆ ಏನಾಗಿದೆ ಎಂದು ಇಳಿದು ನೋಡುವ ವ್ಯವಧಾನ ಯಾರಿಗಿತ್ತು?

ಈಗ ಇಳಿದು ನೋಡಿದಳು. ದೃಶ್ಯ 1, ಅದರ ಕೆಳಗೆ ದೃಶ್ಯ 10, ಆಮೇಲೆ ದೃಶ್ಯ 2. ಕೊನೆಯ ದೃಶ್ಯದ ಮುಂಜಾವನ್ನು ಎರಡನೆಯ ದೃಶ್ಯಕ್ಕೇ ಬೆಳಗಿಸಿಬಿಟ್ಟಿದ್ದಳು.

ಸಭಾಂಗಣದಲ್ಲಿ ಯಾರೋ ಕಿಸಕ್ಕೆಂದರು. ಅಕ್ಕ ಎತ್ತಿದ್ದ ಕಾಲನ್ನು ಮೆಲ್ಲಗೆ ಕೆಳಗಿಟ್ಟು ಟಾರ್ಚ್ ಆರಿಸಿದಳು.

"ಅಯ್ಯಯ್ಯೋ! ಕದಿಯೋಕೆ ಬಂದ್ರೆ ಬೆಳಗೇ ಆಗೋಯ್ತಲ್ಲಪ್ಪಾ!"

ಜನ ಹೋ ಎಂದು ನಕ್ಕರು. ಯಜಮಾನನಾಗಿ ಮಲಗಿದ್ದ ನಟನ ಹೊದಿಕೆ ನಗು ತಡೆಯಲಾರದೆ ಕುಲುಕತೊಡಗಿತು. ಅಕ್ಕ ಅವನ ಬೆನ್ನು ತಟ್ಟಿದಳು. "ಮಲಗಿ ಯಜಮಾನ್ರೇ, ಇನ್ನೂ ರಾತ್ರೀನೇ."

ಚೂಟಿ 'ಹೆಸರು' ಮೇಲೆ ಮತ್ತೊಮ್ಮೆ ಒತ್ತಿದಳು. ಪಟ್ಟಿ ತಲೆಕೆಳಗಾಗಿ ಒಂಬತ್ತು ಮೇಲೇರಿತು. ಇನ್ನೊಮ್ಮೆ ಒತ್ತಿದರೆ ಮತ್ತದೇ ಒಂದು, ಹತ್ತು, ಎರಡು.

ಅಷ್ಟರಲ್ಲಿ ಅಕ್ಕ ರಂಗದ ಅಂಚಿಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು, ನೇರ ಗಾಜಿನ ಕೋಣೆಯ ಕಡೆ ನೋಡಿದಳು. "ಯಾರೇ ಅದು ಸೂರ್ಯನ್ನ ಇಷ್ಟು ಬೇಗ ಎಬ್ಬಿಸಿದ್ದು? ಚೂಟಿ, ನೀನೇನೇ? ಪರವಾಗಿಲ್ಲ, ನಿಧಾನವಾಗಿ ಮಲಗಿಸು. ಅಲ್ಲೀವರೆಗೂ ಈ ಮನೆ ಕಸ ಗುಡಿಸಿರ್ತೀನಿ."

ಕಳ್ಳಿ ಪೊರಕೆ ಹಿಡಿದಳು. ನಗೆ ಚಾವಣಿಗೆ ಮುಟ್ಟಿತು. ಹೆಸರು ಹಿಡಿದು ಕರೆದ ಆ ದನಿ ಕಿವಿಗೆ ಬಿದ್ದದ್ದೇ ಚೂಟಿಯ ಕೈಕಾಲಿಗೆ ಜೀವ ಬಂತು.

ಬಾಗಿಲು ದಢಾರನೆ ತೆರೆಯಿತು. ನಿರ್ದೇಶಕರು ಏದುಸಿರು ಬಿಡುತ್ತಿದ್ದರು. "ಏನಮ್ಮಾ ಇದು!"

"ಹತ್ತು ಎರಡಕ್ಕಿಂತ ಮುಂಚೆ ಬಂದಿದೆ ಸಾರ್."

"ಹತ್ತು ಅದ್ಹೇಗಮ್ಮ ಎರಡಕ್ಕಿಂತ ಮುಂಚೆ ಬರುತ್ತೆ?"

"ಇದಕ್ಕೆ ಲೆಕ್ಕ ಬರಲ್ಲ ಸಾರ್. ಅಕ್ಷರ ನೋಡಿದ ಹಾಗೆ ಮೊದಲು ಒಂದನ್ನ ನೋಡುತ್ತೆ, ಪಕ್ಕದ ಸೊನ್ನೆ ಆಮೇಲೆ." ಹೇಳುತ್ತಲೇ ಹತ್ತನೆಯ ದೃಶ್ಯವನ್ನು ಮೌಸಿನಲ್ಲಿ ಹಿಡಿದು ಎಳೆದಳು. ತಾಯಿಯನ್ನು ಎಳೆದರೆ ಮಕ್ಕಳೂ ಜೊತೆಗೇ ಬರುತ್ತವೆ, ಅದೊಂದು ಪುಣ್ಯ. ಕೆಳಗೆ, ಇನ್ನೂ ಕೆಳಗೆ, ಬಿಟ್ಟಳು. ಅದು ಹೋಗಿ ಒಂಬತ್ತನೆಯ ದೃಶ್ಯದ ಹೊಟ್ಟೆಯೊಳಗೆ ಸೇರಿಕೊಂಡಿತು.

"ಕೊಡಿಲ್ಲಿ!" ನಿರ್ದೇಶಕರು ಮೌಸಿಗೆ ಕೈ ಹಾಕಿದರು.

"ಕೈ ತೆಗೀರಿ ಸಾರ್."

ಆ ದನಿಯನ್ನು ಅವರೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಕೈ ಹಿಂದೆ ಸರಿಯಿತು. ಚೂಟಿ ಹತ್ತನ್ನು ಮತ್ತೆ ಹಿಡಿದು ಹೊರಗೆಳೆದಳು. ಕೂದಲೆಳೆಯಷ್ಟು ತೆಳ್ಳಗಿನ ಗೆರೆಯೊಂದು ಒಂಬತ್ತರ ಕೆಳಗೆ ಮೂಡುವವರೆಗೂ ಕಾದಳು. ಮೂಡಿತು. ಬಿಟ್ಟಳು. ಹತ್ತು ಪಟ್ಟಿಯ ಕೊನೆಯಲ್ಲಿ ಸಭ್ಯಸ್ಥನ ಹಾಗೆ ನಿಂತಿತು. ಎರಡನೆಯ ದೃಶ್ಯವನ್ನು ಆಯ್ದು ಗುಂಡಿ ಒತ್ತಿದಳು.

ಬಿಸಿಲು ಮೆಲ್ಲಗೆ ಇಳಿದು ರಂಗದ ಮೇಲೆ ರಾತ್ರಿಯಾಯಿತು. ಕತ್ತಲೆಯಲ್ಲಿ ಟಾರ್ಚ್ ಹತ್ತಿತು.

"ಉಸ್ಸಪ್ಪಾ," ಅಂದಳು ಕಳ್ಳಿ, "ಇನ್ನು ಕೆಲಸ ಶುರು ಮಾಡೋಣ."

ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಚೂಟಿಯನ್ನು ಹಿಡಿಯುವವರಿರಲಿಲ್ಲ. ಮೂರು, ನಾಲ್ಕು, ಐದು. ಬೆಳಕು ಅವಳ ಬೆರಳ ತುದಿಯಲ್ಲೇ ಹುಟ್ಟಿದಂತೆ ಬಂತು, ಹೋಯಿತು. ಇಷ್ಟೊಂದು ಖುಷಿ ತನಗೆ ಎಂದಾದರೂ ಆಗಿತ್ತೇ? ಸ್ಟೂಲಿನಿಂದ ಯಾವಾಗ ಎದ್ದು ನಿಂತಳೋ ಅವಳಿಗೇ ಗೊತ್ತಿಲ್ಲ. ನಿರ್ದೇಶಕರು ಬೆನ್ನ ಹಿಂದೆಯೇ ಇದ್ದರು, ಅದೂ ಮರೆತುಹೋಗಿತ್ತು.

ಹತ್ತನೆಯ ದೃಶ್ಯ ಬಂತು. ರಾತ್ರಿಯೆಲ್ಲ ಯಜಮಾನನ ಜೊತೆ ಹರಟಿದ ಕಳ್ಳಿ ಬರಿಗೈಯಲ್ಲಿ ಹೊರಡುತ್ತಾಳೆ. "ಬರ್ತೀನಿ ಯಜಮಾನ್ರೇ" ಅಂದೊಡನೆ ಮುಂಜಾವಾಗಬೇಕು. ಅಕ್ಕ ಅಂದಳು. ಆದರೆ ಹೊರಡಲಿಲ್ಲ. ಕತ್ತಲೆಯಲ್ಲಿ ಕಿಟಕಿ ಹಿಡಿದು, ಗಾಜಿನ ಕೋಣೆಯತ್ತ ಮುಖ ಮಾಡಿ ನಿಂತಳು.

"ಈಗ ಎಬ್ಬಿಸೇ, ಚೂಟಿ."

ಯಾರೋ ನಕ್ಕರು. ಚೂಟಿ ಗುಂಡಿ ಒತ್ತಿದಳು. ಬೆಳಕು ಮೊದಲು ಕಿಟಕಿಗೆ ಬಂತು, ಅಲ್ಲಿಂದ ಅಕ್ಕನ ಕೆನ್ನೆಗೆ, ಮುಂದಿನ ಸಾಲಿನ ತಲೆಗಳ ಮೇಲಕ್ಕೆ. ಹಾಗೇ ಏರುತ್ತ ಗಾಜನ್ನು ದಾಟಿ ಮೇಜಿನವರೆಗೂ ಬಂತು. ಅಲ್ಲಿ ಕೀಬೋರ್ಡಿನ ಪಕ್ಕ, ಯಾರು ಯಾವಾಗ ಇಟ್ಟು ಹೋದರೋ, ಬೀಗದಕೈ ಇತ್ತು.