ಏಣಿಯ ಎಡಗಾಲು

ಬೇರೆಲ್ಲಕ್ಕಿಂತ ಮೊದಲು ಒಂದು ಮಹತ್ವದ ಸಂಗತಿಯನ್ನು ದಾಖಲಿಸಬೇಕು, ಈ ಮನೆಯ ಅಟ್ಟದ ಏಣಿ ಅಲುಗಾಡುತ್ತಿಲ್ಲ, ನಮ್ಮಜ್ಜನ ಕಾಲದಿಂದ ಎಡಗಾಲು ಗಿಡ್ಡವಾಗಿ ಕುಂಟುತ್ತಿದ್ದ ಏಣಿ, ಮೂರು ತಲೆಮಾರಿನ ಗಂಡಸರು ಬೈದುಕೊಂಡೇ ಹತ್ತಿ ಬೈದುಕೊಂಡೇ ಇಳಿದ ಏಣಿ, ಈಗ ಕೈಯಿಟ್ಟು ನೂಕಿದರೂ ಕಂಬದ ಹಾಗೆ ನಿಂತಿದೆ, ಮೂರನೆಯ ಮೆಟ್ಟಿಲ ಮೇಲೆ ಕೂತ ಹಲ್ಲಿಗೂ ಇದು ನಂಬಿಕೆಯಾದಂತಿಲ್ಲ, ತಲೆಯೆತ್ತಿ ನನ್ನನ್ನೇ ನೋಡುತ್ತಿದೆ — ಹೊರಗೆ ಅಂಗಳದಲ್ಲಿ ಕಾಯಿ ಸುಲಿಯುವ ವೀರಭದ್ರಯ್ಯ ತನ್ನ ಇಬ್ಬರು ಆಳುಗಳ ಜೊತೆ ಬಂದು ಕೂತಿದ್ದಾನೆ, ಅಣ್ಣಾ, ಕಾಯಿ ಇಳಿಸ್ಕೊಡ್ತೀಯಾ, ಇಲ್ಲಾ ಇನ್ನೊಂದಿನ ಬರಾಣಾ, ಅಂತ ಮೆಲ್ಲಗೆ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ, ಹೌದು, ಇದು ಸಾವಿನ ಮನೆ, ಹದಿನೇಳು ದಿನವಾಯಿತು, ತಿಥಿ ಮುಗಿದು ಆರು ದಿನ, ಮಗಳ ತಿಥಿ, ಭಾನುಪ್ರಿಯಾ, ಎಂಟನೇ ಕ್ಲಾಸು, ಆದರೆ ಕೊಬ್ಬರಿಯಾಗಲೆಂದು ಅಟ್ಟಕ್ಕೇರಿಸಿದ ಕಾಯಿಗೆ ಇದಾವುದೂ ಗೊತ್ತಿಲ್ಲ, ಅದಕ್ಕೆ ಹನ್ನೊಂದು ತಿಂಗಳು ತುಂಬಿದೆ, ಅದು ಇಳಿಯಬೇಕು, ಇಳಿಸಲು ನಾನು ಹತ್ತಬೇಕು, ಹತ್ತಲು ಈ ಏಣಿ, ಏಣಿಯ ಎಡಗಾಲಿನ ಅಡಿಯಲ್ಲಿ ಗುಲಾಬಿ ಬಣ್ಣದ ಕಾಗದದ ಒಂದು ಮೂಲೆ.

ಅದನ್ನು ನೋಡಬಾರದು, ಮೇಲೆ ನೋಡೋಣ, ಅಟ್ಟದ ಕತ್ತಲು, ಕತ್ತಲಲ್ಲಿ ಕಾಯಿಗಳ ಬೆನ್ನು, ನನ್ನ ಕಿವಿ ಈ ಸೀಮೆಗೇ ಹೆಸರಾದ ಕಿವಿ, ಕಾಯಿಯನ್ನು ಕಿವಿಯ ಪಕ್ಕ ಹಿಡಿದು ಒಮ್ಮೆ ಅಲುಗಿಸಿದರೆ ಸಾಕು, ನೀರು ಉಳಿದಿದ್ದರೆ ಕುಳುಕುಳು, ನೀರು ಹಿಂಗಿ ಕೊಬ್ಬರಿ ಕರಟ ಬಿಟ್ಟಿದ್ದರೆ ಲೊಡಲೊಡ, ಕೊಳೆತಿದ್ದರೆ ಸದ್ದೇ ಇಲ್ಲ, ಒಡೆಯದೆ ಒಳಗಿನದನ್ನು ಹೇಳುತ್ತೇನೆ, ದಂಡಿನಶಿವರದ ಕಡೆಯಿಂದೆಲ್ಲ ಕರೆಸಿಕೊಳ್ಳುತ್ತಿದ್ದರು, ರಂಗನಾಥನ ಕಿವಿ ಅಂದ್ರೆ ಕಿವಿ ಕಣಪ್ಪ, ಡಾಕ್ಟ್ರು ಎದೆಗಿಡೋ ಕೊಳವೆ ಇದ್ದಂಗೆ, ಎಂದರೆ ನಾನು ನಾಚಿದವನಂತೆ ನಗುತ್ತಿದ್ದೆ, ಬಿ.ಎ. ಎರಡನೆಯ ವರ್ಷಕ್ಕೆ ಬಿಟ್ಟು ಬಂದವನಿಗೆ ಊರು ಕೊಟ್ಟ ಪದವಿ ಅದು, ಇನ್ನೊಂದು ಪದವಿ ಮಾತಿನದು, ನಾಲ್ಕು ಪುಸ್ತಕ ಓದಿದವನು, ನಾಲ್ಕು ಜನರನ್ನು ನಗಿಸಬಲ್ಲವನು, ಅದಕ್ಕೇ ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷ, ಅದಕ್ಕೇ ಆವತ್ತು ಸಭೆಯಲ್ಲಿ ವಿಜ್ಞಾನದ ಜ್ಯೋತಿಲಕ್ಷ್ಮಿ ಮೇಡಂ ಎದ್ದು ನಿಂತು, ಸೆರಗನ್ನು ಎರಡೆರಡು ಸಲ ಸರಿಮಾಡಿಕೊಂಡು, ಏಳು, ಎಂಟನೇ ಕ್ಲಾಸಿನ ಮಕ್ಕಳಿಗೆ ಒಂದು ಪಾಠ ಇಟ್ಕೊಂಡಿದೀವಿ ಸಾರ್, ಆಸ್ಪತ್ರೆಯಿಂದ ನರ್ಸಮ್ಮ ಬರ್ತಾರೆ, ದೇಹದ ಬೆಳವಣಿಗೆ, ಮುಟ್ಟು, ಮೈಮೇಲೆ ಯಾರಾದ್ರೂ ಕೈಹಾಕಿದ್ರೆ ಏನ್ಮಾಡ್ಬೇಕು, ಇಂಥದ್ದು, ಎಂದಾಗ ಇಡೀ ಸಭೆ ನನ್ನ ಮುಖ ನೋಡಿತು, ಸಮಿತಿಯ ಸದಸ್ಯ ದೊಡ್ಡಣ್ಣ ಕೆಮ್ಮಿದ, ಟೀವೀಲಿ ಲೈಂಗಿಕ ಶಿಕ್ಷಣ ಅಂತಾರಲ್ಲ, ಅದಾ ಮೇಡಮ್ಮೋರೆ, ನಮ್ಗ್ಯಾರು ಹೇಳ್ಕೊಟ್ಟಿದ್ರು, ನಾವು ಮಕ್ಳು ಮಾಡ್ಲಿಲ್ವಾ, ಎಂದು ತಾನೇ ನಕ್ಕು, ನೀನೇಳಪ್ಪ ರಂಗ್ನಾಥ, ಎಂದ, ಮತ್ತು ನಾನು ಹೇಳಿದೆ, ಯಾರೂ ಕತ್ತು ಹಿಸುಕಿ ಹೇಳಿಸಲಿಲ್ಲ, ನಾನೇ ಹೇಳಿದೆ, ಮೇಡಂ, ಉಂಡೆ ಕೊಬ್ಬರಿ ಹೆಂಗಾಗುತ್ತೆ ಗೊತ್ತಾ, ಹನ್ನೊಂದು ತಿಂಗ್ಳು ಅಟ್ಟದ ಮೇಲೆ ಕತ್ಲಲ್ಲಿ ಬಿಟ್ರೆ ತಾನೇ ಆಗುತ್ತೆ, ತಿಂಗ್ಳಿಗೊಂದ್ಸಲ ಒಡೆದು ಒಡೆದು ನೋಡಿದ್ರೆ ಆಗೋದು ಚಟ್ನಿ. ಅಬ್ಬಾ ಆ ನಗು, ಬಿಸಿಯೂಟದ ರಂಗಕ್ಕ ಕೂಡ ಸೆರಗು ಬಾಯಿಗಿಟ್ಟು ನಕ್ಕಳು, ಹೆಡ್‌ಮಾಸ್ತರು ಕರ್ತವ್ಯವೆಂಬಂತೆ ನಕ್ಕರು, ಮೇಡಂ ಕೂತರು. ಗೆದ್ದವನಿಗೆ ಔದಾರ್ಯ ಬರುತ್ತದೆ, ನನಗೂ ಬಂತು, ಬೇಡ ಅನ್ನೋದು ತಪ್ಪಾಗುತ್ತೆ, ಮನೆಮನೆಗೂ ಪತ್ರ ಹೋಗ್ಲಿ, ತಂದೆ ಸಹಿ ಹಾಕಿದ ಮಕ್ಳು ಕೂತ್ಕೊಳ್ಲಿ, ಎಂದೆ. ತಾಯಿ ಹಾಕಿದ್ರೆ ಆಗಲ್ವಾ ಸಾರ್, ಎಂದು ಮೇಡಂ ಕೂತಲ್ಲಿಂದಲೇ ಕೇಳಿದ್ದಕ್ಕೆ, ತಾಯಂದಿರನ್ನ ಯಾಕೆ ಮುಜುಗರಕ್ಕೆ ಸಿಕ್ಕಿಸ್ತೀರಿ ಮೇಡಂ, ಎಂದೆ, ಭಾನುವಿನ ತಾಯಿ ಸುನಂದಾ ಸತ್ತು ಆಗಲೇ ನಾಲ್ಕು ವರ್ಷ, ನನ್ನ ಮನೆಯಲ್ಲಿ ಮುಜುಗರಪಡಲು ತಾಯಿಯೇ ಇರಲಿಲ್ಲ. ಪತ್ರದ ಒಕ್ಕಣೆಯನ್ನೂ ನಾನೇ ಮಾಡಿದೆ, ಮಾನ್ಯ ಪೋಷಕರೇ ಎಂದು ಶುರುವಾಗಿ ತಂದೆಯ ಸಹಿ ಎಂದು ಮುಗಿಯುವ ಒಂದು ಪುಟ, ಶಾಲೆಯಲ್ಲಿ ಬಿಳಿ ಕಾಗದ ಮುಗಿದಿತ್ತು, ಗುಲಾಬಿ ಇತ್ತು.

ಮಂಗಳವಾರ ಅದು ನನ್ನ ಮನೆಗೇ ಬಂತು, ನಾನು ಅಟ್ಟದ ಮೇಲಿದ್ದೆ, ಅವಳು ಹಜಾರದ ಬಾಗಿಲಲ್ಲಿ ನಿಂತಿದ್ದಳು, ಬಾಗಿಲಿಗೂ ಏಣಿಗೂ ನಡುವೆ ಐದು ಹೆಜ್ಜೆ ಜಾಗ, ಅಪ್ಪಾ, ಸ್ಕೂಲಿಂದ ಚೀಟಿ, ಎಂದಳು, ಏನ್ ಚೀಟಿ, ಎಂದೆ, ನೀನೇ ಬರ್ದಿರದು, ಸೈನ್ ಹಾಕ್ಬೇಕಂತೆ, ಹತ್ತಿ ತಂದ್ಕೊಡು, ಇಲ್ಲ, ಇಲ್ಲೇ ಇಡ್ತೀನಿ, ಯಾಕೆ, ಏಣಿ ಕಚ್ಚುತ್ತೇನೇ, ಎಂದೆ. ಎಂಟು ವರ್ಷದವಳಿದ್ದಾಗಿನಿಂದ ನನ್ನ ಹಿಂದೆಯೇ ಹತ್ತುತ್ತಿದ್ದವಳು, ಕಾಯಿಯನ್ನು ತನ್ನ ಪುಟ್ಟ ಕಿವಿಗಿಟ್ಟು, ಅಪ್ಪಾ ಇದು ಮಾತಾಡ್ತೈತೆ, ಇದು ಇನ್ನೂ ಗೊಣಗ್ತೈತೆ, ಇದು ಮೂಗಿ, ಎಂದು ಬೇರೆಬೇರೆ ಇಡುತ್ತಿದ್ದವಳು, ದೊಡ್ಡವಳಾದ ಮೇಲೆ ನಮ್ಮವ್ವ ಪುಟ್ಟಗೌರಮ್ಮ ಕಟ್ಟಳೆ ಮಾಡಿದಳು, ಆ ದಿನಗಳಲ್ಲಿ ಏಣಿ ಮುಟ್ಬ್ಯಾಡ ಕಣೇ, ಕೊಬ್ರಿಗೆ ಬೂಸ್ಟು ಹಿಡಿಯುತ್ತೆ, ನಾನು ಇಂಥದ್ದನ್ನೆಲ್ಲ ನಂಬುವವನಲ್ಲ, ಸೊಗಸಾಗಿ ಗೇಲಿ ಮಾಡಬಲ್ಲೆ, ಮಾಡಿದ್ದೇನೆ ಕೂಡ, ಆದರೆ ತೆಗೆದುಹಾಕಲಿಲ್ಲ, ಅವ್ವನ ಕಟ್ಟಳೆಯಿಂದ ನನಗೇನೂ ತೊಂದರೆ ಇರಲಿಲ್ಲ, ಮೂರು ದಿನ ತಾನೇ. ಎಲ್ಲಿ ಹಾಕ್ಬೇಕು ಅಂತ ಇಂಟು ಮಾರ್ಕ್ ಹಾಕಿದೀನಪ್ಪ, ಪೆನ್ಸಿಲಲ್ಲಿ, ಎಂದು ಭಾನು ಚೀಟಿಯನ್ನು ನೆಲದ ಮೇಲಿಟ್ಟು ನನ್ನ ಕಡೆ ಜಾರಿಸಿದಳು, ಅದು ಅರ್ಧ ದಾರಿಗೆ ಬಂದು ನಿಂತಿತು, ನಾನು ಇಳಿಯುವಾಗ ಏಣಿ ವಾಲಿ ಮೊಣಕಾಲು ಗೋಡೆಗೆ ಬಡಿಯಿತು, ನೋವಿಗೆ ಕಣ್ಣು ಕತ್ತಲೆ, ಸಿಟ್ಟು, ಅಜ್ಜನ ಮೇಲೆ, ಬಡಗಿಯ ಮೇಲೆ, ಎಡಗಾಲಿನ ಅಡಿಗೆ ಇಡಲು ಒಂದು ಚಕ್ಕೆ ಹುಡುಕಿದೆ, ಕರಟದ ಚೂರು ಹುಡುಕಿದೆ, ಕಣ್ಣಿಗೆ ಬಿದ್ದದ್ದು ಗುಲಾಬಿ ಕಾಗದ, ಅದನ್ನು ಮಡಿಸಿದೆ, ಮತ್ತೆ ಮಡಿಸಿದೆ, ಇನ್ನು ಮಡಿಸಲಾಗದು ಎನ್ನುವವರೆಗೆ ಮಡಿಸಿ ಏಣಿಯನ್ನು ಹೆಗಲಿಂದ ಎತ್ತಿ ಒಳಗೆ ತಳ್ಳಿದೆ. ಏಣಿ ನಿಂತಿತು. ಅಜ್ಜನಿಗೂ ಅಪ್ಪನಿಗೂ ಆಗದ ಕೆಲಸ. ಭಾನೂ, ನೋಡಿಲ್ಲಿ, ನಿನ್ ಚೀಟಿ ಕೊನೆಗೂ ಒಂದು ಒಳ್ಳೇ ಕೆಲ್ಸಕ್ಕೆ ಬಂತು, ಎಂದೆ, ಅವಳು ಬಾಗಿಲಲ್ಲೇ ನಿಂತು ನಕ್ಕಳು, ನನ್ನ ಜೋಕುಗಳಿಗೆ ಅವಳು ಯಾವಾಗಲೂ ನಗುತ್ತಿದ್ದಳು, ಸೈನು, ಎಂದಳು, ಇನ್ನೊಂದು ಇಸ್ಕೊಂಡ್ ಬಾ ಹಾಕ್ತೀನಿ, ಮಿಸ್ ಒಂದೇ ಕೊಡದು ಅಪ್ಪ, ನಾನೇ ಹೇಳ್ತೀನಿ ಬುಡು ಮೇಡಮ್ಗೆ. ನಾನು ಹೇಳಲಿಲ್ಲ. ಬೇಡ ಅಂದೆನೇ, ಅನ್ನಲಿಲ್ಲ, ಇದನ್ನು ಗಮನಿಸಬೇಕು, ಅಧ್ಯಕ್ಷರು ನಿರಾಕರಿಸಲಿಲ್ಲ, ಅಧ್ಯಕ್ಷರಿಗೆ ಒಂದು ಚಕ್ಕೆ ಬೇಕಿತ್ತು. ಇಪ್ಪತ್ತೊಂಬತ್ತು ಮನೆಗೆ ಹೋದ ಪತ್ರದಲ್ಲಿ ಸಹಿಯಾಗಿ ಬಂದದ್ದು ನಾಲ್ಕು, ನಾಲ್ಕು ಮಕ್ಕಳಿಗೆ ನರ್ಸಮ್ಮನನ್ನು ಕರೆಸುವುದು ಹೇಗೆ ಎಂದು ಶನಿವಾರದ ಪಾಠವನ್ನು ಬಿಟ್ಟರು.

ಆ ಮಂಗಳವಾರ ಅವಳಿಗೆ ಹನ್ನೆರಡನೇ ದಿನ, ಇದು ಈಗಿನ ಲೆಕ್ಕ, ಆಗ ಯಾರೂ ಲೆಕ್ಕ ಇಟ್ಟಿರಲಿಲ್ಲ, ಅವಳೊಬ್ಬಳನ್ನು ಬಿಟ್ಟು. ಅವ್ವನ ಪ್ರಕಾರ ಮುಟ್ಟೆಂದರೆ ಮೂರು ದಿನ, ನಾಲ್ಕನೆಯ ದಿನ ತಲೆಗೆ ನೀರು, ಮುಗಿಯಿತು, ನಾಲ್ಕನೆಯ ದಿನ ಭಾನು ತಲೆಗೆ ನೀರು ಹಾಕಿಕೊಂಡಳು, ಮುಗಿದಿರಲಿಲ್ಲ, ಮುಗಿದಿಲ್ಲ ಎಂದು ಯಾರಿಗೆ ಹೇಳಬೇಕು, ಹೇಗೆ, ಹೊಟ್ಟೆ ನೋವು ಅಂತ ಒಂದು ಸಲ ಅಜ್ಜಿಗೆ ಹೇಳಿದಳಂತೆ, ಉಷ್ಣ ಕಣೇ, ಎಳನೀರು ಕುಡಿ, ಅಂದಳಂತೆ ಅವ್ವ, ಎಳನೀರು ಕೊಚ್ಚಿ ಕೊಟ್ಟವನು ನಾನು, ದಿನಕ್ಕೆ ಎರಡು, ಒಂದು ಹನಿ ಚೆಲ್ಲದ ಹಾಗೆ. ದಿನಕ್ಕೆರಡು ಸಲ ಬಕೆಟ್ಟು ಹಿಡಿದು ತೋಟದ ಪಂಪ್‌ಹೌಸಿಗೆ ಹೋಗುತ್ತಿದ್ದಳು, ಬಟ್ಟೆ ಒಗೆಯಲು, ನಾನು ಜಗಲಿಯಲ್ಲಿ ಪೇಪರು ಓದುತ್ತ ನೋಡಿದೆ, ನಮ್ಮನೇಲಿ ಒಬ್ಬಳು ಆರೋಗ್ಯ ಮಂತ್ರಿ ಇದಾಳೆ ಕಣವ್ವಾ, ಎಂದೆ, ಅವ್ವ ನಕ್ಕಳು. ಶಾಲೆಯ ದಾರಿಯ ಮೋರಿಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳಂತೆ, ದೊಡ್ಡಣ್ಣ ಬಂದು, ನಿನ್ ಮಗ್ಳು ಅರ್ಧ ಗಂಟೆ ಕೂತಿದ್ಳು ಕಣ್ಲಾ, ನಿನ್ನಂಗೇ ಯೋಚ್ನೆ ಜಾಸ್ತಿ, ಎಂದರೆ ನನಗೆ ಹೆಮ್ಮೆಯಾಯಿತು, ಹೆಮ್ಮೆ. ಆಮೇಲೆ ಆ ಬಿಳುಪು, ಕಣ್ಣಿನ ಕೆಳಗೆ, ತುಟಿಯಲ್ಲಿ, ಉಗುರಲ್ಲಿ, ನಾನು ನೋಡಿದೆ, ನೋಡಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ, ನೋಡುವುದೇ ನನ್ನ ಕೆಲಸ, ಏನೇ ಭಾನೂ, ದಿನಾ ಬೆಳ್ಳಗಾಗ್ತಿದೀಯಾ, ಕದ್ದು ಕ್ರೀಮು ಹಚ್ತೀಯೇನೇ, ಎಂದೆ, ಅವಳು ನಕ್ಕಳು, ಗೋಡೆ ಹಿಡಿದುಕೊಂಡು ನಕ್ಕಳು, ಗೋಡೆಯನ್ನು ಏಕೆ ಹಿಡಿದುಕೊಂಡಳು — ಒಂದು ಬೆಳಿಗ್ಗೆ ಒಗೆಯುವ ಕಲ್ಲಿನ ಹತ್ತಿರ ಬಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕಣ್ಣಿನ ರೆಪ್ಪೆ ಎಳೆದು ನೋಡಿದವಳು ರಕ್ತಪರೀಕ್ಷೆಗೆ ಬರೆದಳು, ರಕ್ತ ಎರಡೂವರೆ ಇದೆ ಅಂತ ಚೀಟಿ ಬಂತು, ಹನ್ನೆರಡು ಇರಬೇಕಾದದ್ದು, ಎಷ್ಟು ದಿನದಿಂದ ಹೋಗ್ತಿದೆ, ಎಂದು ನನ್ನನ್ನು ಕೇಳಿದಳು, ನಾನು ಅವ್ವನನ್ನು ನೋಡಿದೆ, ಅವ್ವ ಗೋಡೆಯನ್ನು ನೋಡಿದಳು, ಮಂಚದ ಮೇಲಿಂದ ಭಾನು ಹೇಳಿದಳು, ಅಷ್ಟು ಸಣ್ಣ ದನಿ, ನನ್ನಂಥ ಕಿವಿಗೆ ಮಾತ್ರ ಕೇಳುವಂಥದ್ದು, ಏಣಿ ಮುಟ್ದೆ ನಲವತ್ತೊಂದು ದಿನ ಆಯ್ತು. ಏಣಿನಾ, ಎಂದಳು ಡಾಕ್ಟರು, ಯಾವ ಏಣಿ ಪುಟ್ಟಾ. ಏಳೆಂಟು ದಿನ ದಾಟಿದ್ರೆ ದೊಡ್ಡೋರಿಗೆ ಹೇಳ್ಬೇಕಲ್ವಾ, ಎಂದಳು. ಎಲ್ರಿಗೂ ಹಿಂಗೇ ಅನ್ಕೊಂಡಿದ್ದೆ ಡಾಕ್ಟ್ರೇ, ಎಂದಳು ಭಾನು. ರಕ್ತದ ಬಾಟಲಿ ತೂಗುಹಾಕಿದರು, ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು, ಫಾರಮ್ಮುಗಳನ್ನು ತಂದರು, ಐದು, ಇಂಟು ಹಾಕಿರೋ ಕಡೆಯೆಲ್ಲಾ ಸೈನ್ ಹಾಕಿ, ಎಂದ ಕೌಂಟರಿನವನು, ನಾನು ಒಂದು ಅಕ್ಷರ ಓದದೆ ಐದಕ್ಕೂ ಹಾಕಿದೆ, ಎಷ್ಟು ಸಲೀಸಾಗಿ ಬಂತು ಸಹಿ, ರಂಗನಾಥ್ ಎಂಬುದರ ಬಾಲವನ್ನೂ ಎಳೆದೆ, ಆಂಬುಲೆನ್ಸು ಅರ್ಧ ದಾರಿ ದಾಟುವಷ್ಟರಲ್ಲಿ ಅವಳ ಎದೆ ನಿಂತಿತು, ನಾನು ಕಿವಿಯಿಟ್ಟು ನೋಡಿದೆ. ಸದ್ದಿರಲಿಲ್ಲ.

ನಿನ್ನೆ ಮೇಡಂ ಬಂದಿದ್ದರು, ಜಗಲಿಯ ತುದಿಯಲ್ಲಿ ಕೂತು, ಮತ್ತೆ ಪಾಠ ಇಡೋಣ ಸಾರ್, ಈ ಸಲ ಸಹಿ ಬೇಡ, ಮನೆಗೆ ಬರೀ ತಿಳಿಸೋಣ, ನೀವೊಂದು ಮಾತು ಹೇಳಿದ್ರೆ ಸಮಿತಿ ಒಪ್ಪುತ್ತೆ, ಎಂದರು, ಏಳು ದಿನದ ವಿಷಯ ಆ ಪಾಠದಲ್ಲಿತ್ತೇ ಎಂದು ನಾನೇ ಕೇಳಿದೆ, ಅವರಾಗಿ ಹೇಳುತ್ತಿರಲಿಲ್ಲ, ಮೊದಲ ಹತ್ತು ನಿಮಿಷದಲ್ಲಿ ಅದೇ ಸಾರ್, ಎಂದರು. ಹೇಳ್ತೀನಿ ಎಂದೆ. ಹೇಳುವ ಅವಕಾಶವೂ ಸಿಕ್ಕಿತು, ಇವತ್ತು ಬೆಳಿಗ್ಗೆ ದೊಡ್ಡಣ್ಣ ತಾನಾಗಿ ಬಂದ, ಹೆಗಲ ಮೇಲೆ ಕೈಯಿಟ್ಟ, ನಾವೆಲ್ಲಾ ಮಾತಾಡ್ಕಂಡ್ವಿ ಕಣಪ್ಪ, ಆ ಪಾಠ ಇನ್ ಎತ್ತಾದೇ ಬ್ಯಾಡ, ಎತ್ತಿದ್ರೆ ಜನ ನಿನ್ ಮಗ್ಳ ಹೆಸ್ರು ಎತ್ತುತಾರೆ, ಸತ್ತ ಮಗೀನ ಮುಟ್ಟಿನ ಮಾತು ಊರ ಬಾಯಲ್ಲಿ ಯಾಕೆ, ಕೊಬ್ರಿ ಅಟ್ಟದ ಮ್ಯಾಲೇ ಇರ್ಲಿ ಅಂತ ನೀನೇ ಹೇಳಿದ್ದಲ್ವಾ, ಎಂದ, ಈ ಸಲ ನಗಲಿಲ್ಲ, ಕಣ್ಣಲ್ಲಿ ನೀರಿತ್ತು, ನನ್ನ ಜೋಕನ್ನು ನನಗೆ ಸಮಾಧಾನವಾಗಿ ವಾಪಸು ತಂದಿದ್ದ, ಈಗ ಹೇಳಬೇಕು, ಈಗಲೇ, ಇಲ್ಲ ದೊಡ್ಡಣ್ಣ, ಹೆಸರು ಎತ್ತಲಿ, ನಿನ್ನ ಮೊಮ್ಮಗಳೂ ಅದೇ ಶಾಲೆಯಲ್ಲಿದ್ದಾಳೆ, ಇಷ್ಟೇ, ಎರಡು ಮಾತು, ಬಾಯಿ ತೆರೆದೆ, ಊರನ್ನೆಲ್ಲ ನಗಿಸಿದ ಬಾಯಿ, ಏನೂ ಬರಲಿಲ್ಲ, ಅವನು ಬೆನ್ನು ತಟ್ಟಿ, ಆಯ್ತು ಬುಡು, ನಾನೇ ಮೇಡಮ್ಗೆ ಹೇಳ್ತೀನಿ, ಎಂದು ಹೋದ, ಅವನು ಹೇಳುತ್ತಾನೆ, ಅವನು ಮಾತು ಮರೆಯುವವನಲ್ಲ, ಪಾಠ ನಡೆಯುವುದಿಲ್ಲ — ಅಣ್ಣಾ, ಏಣಿ ಹಿಡ್ಕಳಾಣಾ, ಎಂದು ವೀರಭದ್ರಯ್ಯ ಬಾಗಿಲಲ್ಲಿ, ಆವತ್ತು ಭಾನು ನಿಂತ ಜಾಗದಲ್ಲೇ ನಿಂತು ಕೇಳುತ್ತಿದ್ದಾನೆ, ಬ್ಯಾಡ, ಗಟ್ಟಿಯಾಗೈತೆ, ಎಂದೆ, ಎಷ್ಟು ಸುಲಭ, ಏಣಿಯನ್ನು ಒಂದಿಷ್ಟು ಎತ್ತಿದರೆ ಕಾಗದ ಹೊರಗೆ ಬರುತ್ತದೆ, ಮಡಿಕೆ ಬಿಚ್ಚಬಹುದು, ಜೇಬಿನಲ್ಲಿ ಪೆನ್ನಿದೆ, ಒಳಗೆ ಎಲ್ಲೋ ಪೆನ್ಸಿಲಿನ ಇಂಟು, ಇಲ್ಲಿ ಎಂದು, ಅವಳ ಕೈಯ ಇಂಟು, ಎತ್ತಿದರೆ ಏಣಿ ಮತ್ತೆ ಕುಂಟುತ್ತದೆ, ಕಾಯಿ ಇಳಿಸಬೇಕು, ಹಲ್ಲಿ ಹೋಯಿತು, ಗುಲಾಬಿ ಮೂಲೆ, ಒಳಗೆ ಇಂಟು, ಕಾಲಿಟ್ಟೆ, ಮೊದಲನೆಯ ಮೆಟ್ಟಿಲು, ಗುಲಾಬಿ ಮೂಲೆ, ಎರಡನೆಯದು, ಒಳಗೆ ಇಂಟು, ಮೂರನೆಯದು, ಇಂಟು, ಇಂಟು.

ಏಣಿ ಅಲುಗಾಡಲಿಲ್ಲ.