ಮಧ್ಯಾಹ್ನ ಬಿಗಿಯಾಗುತ್ತಿದ್ದ ಸ್ಟೀರಿಂಗ್

ಕಾರು ಕಲಿಸುವುದರಲ್ಲಿ ಮೇಡಂ ಅವರದು ಎತ್ತಿದ ಕೈ. ಬಯ್ಯುವುದರಲ್ಲಿ ಅದಕ್ಕಿಂತ ಒಂದು ಕೈ ಮೇಲೆ. ಇಪ್ಪತ್ತೆರಡು ವರ್ಷಗಳಿಂದ ಆ ಬಡಾವಣೆಯ ಅರ್ಧ ಜನಕ್ಕೆ ಕ್ಲಚ್ಚು ಬಿಡುವುದನ್ನು ಹೇಳಿಕೊಟ್ಟವರು ಅವರೇ. ಬೈಸಿಕೊಂಡವರೆಲ್ಲ ಲೈಸೆನ್ಸು ಕೈಗೆ ಬಂದ ಮೇಲೆ ಅದನ್ನೇ ನೆನೆಸಿಕೊಂಡು ನಗುತ್ತಿದ್ದರು. ಹಾಗಾಗಿ ತಮ್ಮ ನಾಲಿಗೆ ಯಾರನ್ನಾದರೂ ನಿಜವಾಗಿ ನೋಯಿಸೀತು ಎಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ.

ಅವರ ಕಾರಿಗೆ ಹದಿನೈದು ತುಂಬಿತ್ತು. ಬಣ್ಣ ಮಾಸಿದ್ದರೂ ಎಂಜಿನ್ ಗಟ್ಟಿ. ಸ್ಟೀರಿಂಗ್ ಕರೆಂಟಿನದು, ತಿರುಗಿಸುವ ಕೈಗೆ ಒಳಗಿನಿಂದ ಒಂದು ಪುಟ್ಟ ಮೋಟಾರು ಆಸರೆಯಾಗುತ್ತಿತ್ತು. ವರ್ಷದ ಹಿಂದೆ ಮೀಟರಿನ ಪಕ್ಕ ಸ್ಟೀರಿಂಗಿನ ಚಿತ್ರವಿರುವ ಹಳದಿ ದೀಪ ಆಗೊಮ್ಮೆ ಈಗೊಮ್ಮೆ ಹತ್ತತೊಡಗಿತು. ಎಂಜಿನ್ ಆರಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಮಾಯ. ಕಲಿಯಲು ಬಂದವರು ರಸ್ತೆ ನೋಡುವುದು ಬಿಟ್ಟು "ಇದೇನು ಮೇಡಂ?" ಎಂದು ಅದನ್ನೇ ನೋಡುತ್ತಿದ್ದರು. ಮೇಡಂ ಬೇಸತ್ತು ದೀಪದ ಮೇಲೆ ಒಂದು ತುಂಡು ಕಪ್ಪು ಟೇಪು ಅಂಟಿಸಿದರು. ಅಲ್ಲಿಗೆ ಆ ಕಾಟ ತಪ್ಪಿತು.

ಟೈಲರಮ್ಮ ಸೇರಿದ್ದು ಅದಾದ ಮೇಲೆ. ನಲವತ್ತಾರರ ವಯಸ್ಸು, ಗಿಡ್ಡ ಆಳು, ಅಳೆದು ಆಡುವ ಮಾತು. ಮಾರುಕಟ್ಟೆ ಹಿಂದಿನ ಗಲ್ಲಿಯಲ್ಲಿ ಶಾಲೆ, ಆಸ್ಪತ್ರೆಗಳ ಯೂನಿಫಾರಂ ಹೊಲಿಯುವ ಅಂಗಡಿ. ಪಕ್ಕದ ಊರಿನಲ್ಲಿದ್ದ ಅವರ ತಂಗಿಯದೂ ಅದೇ ಕಸುಬು. ಇಬ್ಬರೂ ಕೂಡಿ ಅಲ್ಲೊಂದು ದೊಡ್ಡ ಅಂಗಡಿ ತೆರೆಯುವುದು, ಅಕ್ಕ ಇಲ್ಲಿ ಬಟ್ಟೆ ಕತ್ತರಿಸಿ ವ್ಯಾನಿನಲ್ಲಿ ಒಯ್ಯುವುದು, ತಂಗಿ ಅಲ್ಲಿ ಹೊಲಿಸುವುದು ಎಂದು ಮಾತಾಗಿತ್ತು. ವ್ಯಾನು ಓಡಿಸುವುದನ್ನು ಅಕ್ಕ ಕಲಿಯುವುದೊಂದೇ ಬಾಕಿ. ಅಂಗಡಿ ಬಿಟ್ಟು ಬರಲು ಅವರಿಗೆ ಪುರಸೊತ್ತು ಸಿಗುತ್ತಿದ್ದುದು ಮಧ್ಯಾಹ್ನ ಒಂದಕ್ಕೆ. ಆ ಸುಡುಬಿಸಿಲಿನಲ್ಲಿ ಬೇರೆ ಯಾರೂ ಪಾಠಕ್ಕೆ ಬರುತ್ತಿರಲಿಲ್ಲ. ಮೇಡಂ ಏಸಿಯನ್ನು ಕೊನೆಯವರೆಗೆ ತಿರುಗಿಸಿಕೊಂಡು ಕೂರುತ್ತಿದ್ದರು.

ಎರಡನೇ ವಾರ ಟೈಲರಮ್ಮ ಹೇಳಿದರು, "ಮೇಡಂ, ಸ್ಟೀರಿಂಗು ಇದ್ದಕ್ಕಿದ್ದ ಹಾಗೆ ಬಿಗಿಯಾಗತ್ತೆ. ಆ ಕಡೆಯಿಂದ ಯಾರೋ ಹಿಡ್ಕೊಂಡ ಹಾಗೆ."

"ಬಿಗಿಯಾಗಿರೋದು ಸ್ಟೀರಿಂಗಲ್ಲ, ನೀವು. ಭುಜ ಸಡಿಲ ಬಿಡಿ."

"ಯಾವಾಗ್ಲೂ ಅಲ್ಲ. ನಿಂತಿದ್ದು ಹೊರಡ್ತೀವಲ್ಲ, ಆಗ ಮಾತ್ರ."

"ಬೆಳಿಗ್ಗೆ ಆರಕ್ಕೆ ಬರೋ ಹುಡುಗಿ ಇದೇ ಕಾರನ್ನ ಬೆಣ್ಣೆ ಹಾಗೆ ತಿರುಗಿಸ್ತಾಳೆ. ಕೈಯಲ್ಲಿ ಕಸುವಿಲ್ಲ ಅಂದ್ರೆ ಇಲ್ಲ ಅನ್ನಿ, ಗಾಡಿ ಮೇಲೆ ಯಾಕೆ ಹಾಕ್ತೀರಿ?"

ಆ ಸಂಜೆ ಮನೆಗೆ ಹೋಗುವಾಗ ಮೇಡಂ ಒಂದೇ ಬೆರಳಲ್ಲಿ ಸ್ಟೀರಿಂಗ್ ತಿರುಗಿಸಿ ನೋಡಿದರು. ಸಲೀಸಾಗಿ ತಿರುಗಿತು. ನೋಡಿದ್ದು ಅಷ್ಟೇ.

ಟೈಲರಮ್ಮ ಆಮೇಲೆ ಆ ಮಾತು ಎತ್ತಲಿಲ್ಲ. ಹಲ್ಲು ಕಚ್ಚಿ ಎಳೆಯುತ್ತಿದ್ದರು. ತಿರುವು ಮುಗಿಯುವಷ್ಟರಲ್ಲಿ ರವಿಕೆಯ ಬೆನ್ನು ತೊಯ್ದಿರುತ್ತಿತ್ತು. ಮೊದಲ ಲೈಸೆನ್ಸು ಪರೀಕ್ಷೆಯಲ್ಲಿ ಕಾರು ದಾರಿಗುರುತಿಗೆ ನಿಲ್ಲಿಸಿದ್ದ ಕಂಬಕ್ಕೆ ತಗುಲಿತು. ಎರಡನೇ ಸಲ ಸರದಿಗಾಗಿ ಅರ್ಧ ಗಂಟೆ ಏಸಿ ಹಾಕಿಕೊಂಡು, ಎಂಜಿನ್ ಆರಿಸದೆ ಕಾದರು. ಹೊರಟು ಮೊದಲ ತಿರುವಿಗೇ ಎರಡು ಕಂಬ ಉರುಳಿದವು. ಪರೀಕ್ಷಕರು ತಲೆಯಾಡಿಸಿದರು. ಸಾಲಿನಲ್ಲಿದ್ದ ಹತ್ತು ಜನ ನೋಡುತ್ತಿರುವಾಗಲೇ ಮೇಡಂ ಬಾಯಿ ಹರಿಯಬಿಟ್ಟರು: "ಇದು ನಿಮ್ಮ ಕೈಗೆ ಒಲಿಯೋದಲ್ಲ ಬಿಡಿ! ಹೊಲಿಗೆ ಮೆಷಿನ್ ತುಳ್ಕೊಂಡಿರೋದೇ ನಿಮಗೆ ಸರಿ. ರಸ್ತೇಲಿರೋರಾದ್ರೂ ಬದುಕ್ಕೊಳ್ಳಲಿ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಟೈಲರಮ್ಮ ಚೀಲ ಎತ್ತಿಕೊಂಡು ನಡೆದುಕೊಂಡೇ ಹೋದರು. ಮರುದಿನ ಬರಲಿಲ್ಲ, ಮತ್ತೆಂದೂ ಬರಲಿಲ್ಲ.

ಐದು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಮೇಡಂ ಕನ್ನಡಕದ ಅಂಗಡಿಯಿಂದ ಮರಳುತ್ತಿದ್ದರು. ಮೋಡ ಕವಿದು ದೀಪ ಹಾಕಬೇಕಾಗಿತ್ತು, ಏಸಿಯೂ ಓಡುತ್ತಿತ್ತು. ಸಿಗ್ನಲ್ಲಿನಲ್ಲಿ ಬಹಳ ಹೊತ್ತು ನಿಂತು, ಹೊರಟು ತಮ್ಮ ಬೀದಿಗೆ ತಿರುಗಿಸಿದರೆ ಸ್ಟೀರಿಂಗ್ ಕಲ್ಲಾಗಿತ್ತು. ಎರಡೂ ಕೈಯಲ್ಲಿ ಜಗ್ಗಿದರು. ಕಾರು ನೇರ ಹೋಗಿ ಎದುರಿನ ಗೋಡೆಗೆ ಮೂತಿ ಒರೆಸಿ ನಿಂತಿತು. ಅವರು ಉಗುರಿನಿಂದ ಟೇಪು ಕೆರೆದು ತೆಗೆದರು. ಹಳದಿ ದೀಪ ಉರಿಯುತ್ತಿತ್ತು.

ಮೇಡಂ ಅವರ ತಮ್ಮನದು ಕಾರುಗಳ ಎಲೆಕ್ಟ್ರಿಕ್ ಕೆಲಸದ ಗ್ಯಾರೇಜು. ಕಾರನ್ನು ಅಲ್ಲಿಗೆ ಒಯ್ದರು. ಅವನು ಸ್ಟೀರಿಂಗಿನ ಕೆಳಗೆ ಸ್ಕ್ಯಾನರಿನ ವೈರು ಸಿಕ್ಕಿಸಿದ.

"ಗಾಡಿ ತನ್ನ ಕಷ್ಟನೆಲ್ಲ ಬರೆದಿಟ್ಕೊಂಡಿದೆ ನೋಡಕ್ಕ. ವೋಲ್ಟೇಜು ಸಾಲದು ಅಂತ ಮೂವತ್ತೊಂದು ಸಲ."

"ಮೋಟಾರು ಹೋಯ್ತೇನೋ?"

"ಎಲ್ಲರೂ ಮೊದಲು ಅದನ್ನೇ ಬಿಚ್ಚಿಸ್ತಾರೆ. ಸ್ವಲ್ಪ ತಾಳು."

ಎಂಜಿನ್ ಆರಿಸಿ ಬ್ಯಾಟರಿ ಅಳೆದ, ಚೆನ್ನಾಗಿತ್ತು. ಆಮೇಲೆ ಸ್ಟಾರ್ಟ್ ಮಾಡಿಸಿ, ಏಸಿ, ದೀಪ ಎಲ್ಲ ಹಾಕಿಸಿ, ವೋಲ್ಟ್ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಕಾರಿನ ಬಾಡಿಗೂ ಒತ್ತಿದ. ಸೊನ್ನೆಯ ಆಸುಪಾಸು ಇರಬೇಕಾದ್ದು ಒಂದೂವರೆ ವೋಲ್ಟು ತೋರಿಸಿತು. ಬ್ಯಾಟರಿ ಎತ್ತಿ ಕೆಳಗೆ ಟಾರ್ಚು ಬಿಟ್ಟ. ಬ್ಯಾಟರಿಯನ್ನು ಬಾಡಿಗೆ ಜೋಡಿಸುವ ಅರ್ಥಿಂಗ್ ವೈರಿನ ಬೋಲ್ಟಿಗೆ ಹಸಿರು ಕಿಲುಬು ಹಿಡಿದು ಉಪ್ಪಿನ ಹಾಗೆ ಉದುರುತ್ತಿತ್ತು.

"ಭಾರ ಕಮ್ಮಿ ಇದ್ದಾಗ ಹೇಗೋ ಸಂಭಾಳಿಸತ್ತೆ. ಎಲ್ಲ ಒಟ್ಟಿಗೆ ಎಳೆದಾಗ ಸ್ಟೀರಿಂಗಿಗೆ ಕರೆಂಟು ಸಾಲಲ್ಲ, ಮೋಟಾರು ಕೈಬಿಡತ್ತೆ. ಬೆಳಿಗ್ಗೆ ತಂಪು ಹೊತ್ತಲ್ಲಿ ಗೊತ್ತೇ ಆಗಲ್ಲ."

"ಮಧ್ಯಾಹ್ನ ಮಾತ್ರ," ಎಂದರು ಮೇಡಂ. "ನಿಂತಿದ್ದು ಹೊರಡುವಾಗ."

"ಹೌದು. ನಿಂತಾಗ ಎಂಜಿನ್ ನಿಧಾನ, ಕರೆಂಟು ಕಮ್ಮಿ ಹುಟ್ಟತ್ತೆ. ನಿಂಗೆ ಹೇಗೆ ಗೊತ್ತು?"

"ಒಬ್ಬರು ಹೇಳಿದ್ರು. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ."

ಮರಳು ಕಾಗದದಲ್ಲಿ ಉಜ್ಜಿ ಬೋಲ್ಟು ಬಿಗಿಮಾಡಲು ತಮ್ಮನಿಗೆ ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಮೇಡಂ ಸ್ಟೂಲಿನ ಮೇಲೆ ಕೂತಿದ್ದರು. ತಮ್ಮ ತಂದಿಟ್ಟ ಟೀ ಹಾಗೆಯೇ ಆರಿ ಕೆನೆಗಟ್ಟಿತು.

ಮರುದಿನ ಅಂಗಡಿಗೆ ಹೋದರು. ಟೈಲರಮ್ಮ ನಿಂತುಕೊಂಡು, ದಪ್ಪ ಕತ್ತರಿಯಿಂದ ಎಂಟು ಪದರ ಖಾಕಿ ಬಟ್ಟೆಯನ್ನು ಒಂದೇ ಸಮ ಸೀಳುತ್ತಿದ್ದರು. ಕೈಯಲ್ಲಿ ಕಸುವಿಲ್ಲ ಎಂದು ತಾವು ಹೇಳಿದ್ದು ಈ ಕೈಗೆ. ಮೇಡಂ ನಿಂತಲ್ಲೇ ಎಲ್ಲ ಹೇಳಿದರು: ದೀಪ, ಟೇಪು, ಕಿಲುಬು ಹಿಡಿದ ಬೋಲ್ಟು. "ತಪ್ಪು ಗಾಡಿದು, ಅದಕ್ಕಿಂತ ಹೆಚ್ಚು ನಂದು. ನಿಮ್ಮದೇನೂ ಇರಲಿಲ್ಲ."

ಟೈಲರಮ್ಮ ಕತ್ತರಿ ಕೆಳಗಿಟ್ಟರು. "ನಾನು ಹೇಳಿದ್ದೆ ಅಲ್ವಾ ಮೇಡಂ?"

"ಹೇಳಿದ್ರಿ."

"ನೀವು ನಂಬಲಿಲ್ಲ, ಹೋಗಲಿ. ಬಟ್ಟೆ ಮುಟ್ಟಿದ ಕೂಡಲೇ ಎಷ್ಟು ನೂಲು ಹತ್ತಿ, ಎಷ್ಟು ನೈಲಾನು ಅಂತ ಹೇಳೋ ಕೈ ಇದು. ಇದರ ಮಾತು ನಾನೇ ನಂಬಲಿಲ್ಲ ನೋಡಿ. ನನಗೆ ವಯಸ್ಸಾಯ್ತು ಅಂದ್ಕೊಂಡೆ."

"ಈಗ ಬನ್ನಿ. ನಾನೇ ಕಲಿಸ್ತೀನಿ. ಒಂದು ತಿಂಗಳು ಸಾಕು."

"ಕಲಿತು ಎಲ್ಲಿಗೆ ಹೋಗ್ಲಿ? ನನ್ನ ಕೈಲಾಗಲ್ಲ ಅಂತ ತಂಗಿಗೆ ಹೇಳಿಬಿಟ್ಟೆ. ಕೆಲಸ ಕಂಡು ಹಿಂಜರಿದೆ ಅಂತ ಅವಳಿಗೆ ಸಿಟ್ಟು. ಬೇರೆಯವರನ್ನ ಕೂಡಿಸ್ಕೊಂಡು ಅಂಗಡಿ ತೆರೆದಾಯ್ತು. ಫೋನು ಮಾಡಿದ್ರೂ ಎರಡು ಮಾತಾಡಿ ಇಡ್ತಾಳೆ."

"ಅವರ ಹತ್ರ ನಾನು ಮಾತಾಡ್ಲಾ?"

"ಮಾತಾಡಿ ಏನು ಮಾಡ್ತೀರಿ," ಎಂದರು ಟೈಲರಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮೇಡಂಗೆ ಹಗುರವಾಗುತ್ತಿತ್ತೇನೋ. "ನೀವು ಬಂದು ಹೇಳಿದ್ದು ಒಳ್ಳೇದಾಯ್ತು. ಇವತ್ತು ಈ ಥಾನು ಬಟ್ಟೆ ಕತ್ತರಿಸಿ ಮುಗಿಸಬೇಕು ನಾನು." ಮತ್ತೆ ಕತ್ತರಿ ಎತ್ತಿಕೊಂಡರು.

ಅಂದಿನಿಂದ ಕಲಿಯುವವರು ಯಾರೇ 'ಏನೋ ಸರಿ ಇಲ್ಲ' ಎಂದರೂ ಮೇಡಂ ಕಾರು ಪಕ್ಕಕ್ಕೆ ಹಾಕಿಸಿ, ತಾವೇ ಡ್ರೈವರ್ ಸೀಟಿಗೆ ಬಂದು ನೋಡುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಏನೂ ಇರುವುದಿಲ್ಲ. ಮೊದಲಿನಂತೆ ಬೈಯಲು ಬಾಯಿ ಬರುವುದಿಲ್ಲ. ಮೇಡಂ ಮೆತ್ತಗಾದರು ಎಂದು ಜನ ಆಡಿಕೊಳ್ಳುತ್ತಾರೆ.

ಚಳಿಗಾಲದಲ್ಲಿ ಒಮ್ಮೆ ಬಸ್ ನಿಲ್ದಾಣದಲ್ಲಿ ಟೈಲರಮ್ಮ ಕಂಡರು, ಕಾಲ ಬಳಿ ದೊಡ್ಡದೊಂದು ಗಂಟು. ಮೇಡಂ ಕಾರು ನಿಲ್ಲಿಸಿ, ಬಗ್ಗಿ ಮುಂದಿನ ಬಾಗಿಲು ತೆರೆದರು. ಟೈಲರಮ್ಮ ಒಂದು ಗಳಿಗೆ ನೋಡಿ, ಆ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಹಿಂದಿನ ಸೀಟಿನಲ್ಲಿ ಗಂಟಿನ ಜೊತೆ ಕೂತರು. ದಾರಿಯುದ್ದಕ್ಕೂ ಚಳಿಯ ಮಾತು, ಶಾಲೆಗಳು ಬಣ್ಣ ಬದಲಿಸುವ ಮಾತು. ಆಸ್ಪತ್ರೆ ಗೇಟಿನ ಬಳಿ ಇಳಿದು, "ಉಪಕಾರವಾಯ್ತು ಮೇಡಂ," ಎಂದು ಗಂಟು ಸೊಂಟಕ್ಕೇರಿಸಿಕೊಂಡು ಒಳಗೆ ಹೋದರು.

ಹಿಂದಿನ ಗಾಡಿಯವನು ಹಾರ್ನ್ ಒತ್ತುವವರೆಗೂ ಮೇಡಂ ಅಲ್ಲಿಂದ ಹೊರಡಲಿಲ್ಲ.