ಮುಗ್ಗಲು

ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಬೆರಳಿಗೆ ಸುತ್ತಿಕೊಂಡು ಅವಳು ಹುಬ್ಬು ತಿದ್ದಲು ಬಗ್ಗಿದ್ದಷ್ಟೇ, ಕುರ್ಚಿಯಲ್ಲಿ ಒರಗಿದ್ದ ಗಿರಾಕಿ ಮುಖ ಸಿಂಡರಿಸಿ ಕತ್ತು ಆಚೆ ತಿರುಗಿಸಿದಳು.

“ನೋಯ್ತಾ ಮೇಡಂ?”

“ಇಲ್ಲ... ಬೇರೆ ಯಾರಾದ್ರೂ ಇದ್ದಾರಾ?”

ಬೇರೆಯವಳು ಬಂದು ಹುಬ್ಬು ಮುಗಿಸಿದಳು. ಗಿರಾಕಿ ಹೋದ ಮೇಲೆ ಪಾರ್ಲರಿನ ಒಡತಿ ಅವಳನ್ನು ಹಿಂದಿನ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿಕೊಂಡಳು.

“ತಪ್ಪು ತಿಳ್ಕೋಬೇಡ ಕಣೇ. ನಿನ್ನ ಕೆಲಸಕ್ಕೆ ಹೆಸರಿಡೋ ಹಾಗಿಲ್ಲ. ಆದ್ರೆ ನಿನ್ನ ಹತ್ರ ಒಂಥರಾ ವಾಸನೆ. ಒದ್ದೆ ಗೋಣಿಚೀಲದ ಹಾಗೆ. ಮುಖದ ಹತ್ರ ಮುಖ ಇಟ್ಟು ಮಾಡೋ ಕೆಲಸ ಇದು. ಹೀಗೇ ಆದ್ರೆ ನಿನ್ನ ಇಟ್ಕೊಳ್ಳೋದು ಕಷ್ಟ.”

ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ವಾಸನೆಯಂತೆ! ಬೆಳಿಗ್ಗೆ ಸಂಜೆ ಎರಡು ಹೊತ್ತೂ ಸ್ನಾನ ಮಾಡುವವಳಿಗೆ! ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ ಚರ್ಮ ಕೆಂಪಾಗುವಂತೆ ತಿಕ್ಕಿಕೊಂಡಳು. ಬೀರುವಿನಿಂದ ಒಗೆದ ಬಟ್ಟೆ ತೆಗೆದು ಹಾಕಿಕೊಂಡು ಗಂಡನ ಮುಂದೆ ಬಂದು ನಿಂತಳು. ಅವನು ಸೋಫಾ ಶೋರೂಮಿನಲ್ಲಿ ಸೇಲ್ಸ್‌ಮನ್. ದಿನವಿಡೀ ನಿಂತು ಬಂದವನು ಕಾಲು ಚಾಚಿ ಟೀವಿ ನೋಡುತ್ತಿದ್ದ.

“ರೀ, ನಿಜ ಹೇಳಿ. ನನ್ನ ಹತ್ರ ವಾಸನೆ ಬರುತ್ತಾ? ಹೀಗೇ ಆದ್ರೆ ಕೆಲಸದಿಂದ ತೆಗೀತೀನಿ ಅಂತಿದ್ದಾಳೆ ನಮ್ಮ ಒಡತಿ.”

ಅವನು ಅವಳ ಹೆಗಲಿಗೆ ಮೂಗಿಟ್ಟು ನಿಧಾನವಾಗಿ ಉಸಿರೆಳೆದುಕೊಂಡ. ಆಮೇಲೆ ನಕ್ಕ.

“ಸೋಪಿನ ವಾಸನೆ, ಇನ್ನೇನು? ನಿಮ್ಮ ಒಡತಿಗೆ ತಲೆ ಕೆಟ್ಟಿದೆ. ಬೇಕಿದ್ರೆ ಒಂದು ಸೆಂಟ್ ತಗೋ.”

ಪಾಪ, ಮರುದಿನ ಸೆಂಟು ಸುರಿದುಕೊಂಡೇ ಹೋದಳು. ಮುಗ್ಗಲಿನ ಮೇಲೆ ಗುಲಾಬಿ ಸೇರಿ ನಾತ ಎರಡರಷ್ಟಾಯಿತು. ಮಧ್ಯಾಹ್ನ ಅವಳು ಡಬ್ಬಿ ಬಿಚ್ಚಿದರೆ ಪಕ್ಕದವರು ಬೆಂಚಿನ ತುದಿಗೆ ಸರಿದರು. ಕೊನೆಗೆ ಅವರಲ್ಲೊಬ್ಬಳು ತಡೆಯಲಾರದೆ ಅವಳ ಕಿವಿಯ ಹತ್ತಿರ ಬಂದಳು.

“ಅಕ್ಕಾ, ಬೇಜಾರು ಮಾಡ್ಕೋಬೇಡಿ. ಅದು ನಿಮ್ಮ ಮೈಯಿಂದ ಅಲ್ಲ, ಬಟ್ಟೆಯಿಂದ ಬರ್ತಿದೆ. ಬಟ್ಟೆ ಎಲ್ಲಿಡ್ತೀರಾ ನೋಡಿ.”

ಬಟ್ಟೆ ಎಲ್ಲಿಡುತ್ತಾಳೆ? ಬೀರುವಿನಲ್ಲಿ. ಬೀರು ಎಲ್ಲಿದೆ? ಗೋಡೆಗೆ ಒತ್ತಿಕೊಂಡು. ಮಾವನ ಕಾಲದ ಸಾಲುಮನೆ ಅದು. ಎರಡೂ ಪಕ್ಕದ ಗೋಡೆಗೆ ನೆರೆಯವರು ಅಂಟಿಕೊಂಡಿದ್ದಾರೆ, ನಡುವಿನ ಮಲಗುವ ಕೋಣೆಗೆ ಕಿಟಕಿಯೇ ಇಲ್ಲ. ಮದುವೆಯಾದ ಹೊಸತರಲ್ಲೇ ಗೋಡೆ ಬೆವರುವುದನ್ನು ನೋಡಿ ಅವಳು ಬೇರೆ ಮನೆಗೆ ಹೋಗೋಣವೆಂದಿದ್ದಳು. ಅವನು ಬಣ್ಣ ಬಳಿದ. ಕಲೆ ಮತ್ತೆ ಎದ್ದಿತು, ಮತ್ತೆ ಬಳಿದ. ಕಡೆಗೆ ಬೀರುವನ್ನು ದಬ್ಬಿ ಕಲೆಗೆ ಅಡ್ಡ ನಿಲ್ಲಿಸಿ, “ನೋಡು, ಗೋಡೆ ಸರಿಹೋಯ್ತು” ಎಂದು ಕೈ ಒರೆಸಿಕೊಂಡಿದ್ದ. ಎಂಥಾ ರಿಪೇರಿ!

ಮಧ್ಯಾಹ್ನವೇ ರಜೆ ಕೇಳಿ ಬಂದು ಬೀರುವನ್ನು ಎಳೆದಳು. ಅದು ಗೋಡೆಯಿಂದ ಪಚಕ್ಕೆಂದು ಬಿಟ್ಟುಕೊಂಡಿತು.

ಅಬ್ಬಬ್ಬಾ! ಗೋಡೆಯ ತುಂಬಾ ಕರಿ ಬೂಷ್ಟು, ಬೆಕ್ಕಿನ ಮೈಯಂತೆ ರೋಮ ಬಿಟ್ಟುಕೊಂಡು. ಬಣ್ಣ ಪೊರೆಪೊರೆಯಾಗಿ ಎದ್ದು ಒಳಗಿಂದ ಕಂದು ರಸ ಜಿನುಗುತ್ತಿತ್ತು. ಮೂಲೆಯಲ್ಲಿ ಸಿಂಬಳದ ಹುಳುಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಬೀರುವಿನ ಬೆನ್ನಿನ ಹಲಗೆ ನೆನೆದು ಅನ್ನದ ಹಾಗೆ ಮೆತ್ತಗಾಗಿತ್ತು. ಬೆರಳಿಟ್ಟರೆ ತೂರಿಕೊಂಡು ಹೋಗಿ ಒಳಗೆ ಮಡಚಿಟ್ಟಿದ್ದ ಅವಳ ಬಟ್ಟೆಗೇ ತಗುಲಿತು. ಥೂ! ಇದನ್ನೇ ಮೈಮೇಲೆ ಹಾಕಿಕೊಂಡು ಊರವರ ಮುಖಕ್ಕೆ ಬಗ್ಗುತ್ತಿದ್ದೆನೇ? ಅವಳು ಬಚ್ಚಲಿಗೆ ಓಡಿಹೋಗಿ ವಾಂತಿ ಮಾಡಿಕೊಂಡಳು.

ಆಮೇಲೆ ತನ್ನ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ಬೀದಿಯ ಕೊನೆಯ ಲಾಂಡ್ರಿಗೆ ಹೊತ್ತುಕೊಂಡು ಹೋದಳು. ಗಂಡನ ಶರ್ಟುಗಳಿಗೆ ಅದೇ ಲಾಂಡ್ರಿ. “ನನ್ನ ಶರ್ಟ್ ನೀನು ಒಗೀಬೇಡ, ಕೆಲಸ ಮಾಡಿ ದಣಿದು ಬಂದಿರ್ತೀಯ” ಎಂದು ಅವನೇ ಹೇಳಿದ್ದ. ಇಂಥ ಗಂಡ ಯಾರಿಗಿದ್ದಾನೆ ಎಂದು ಅವಳು ಪಾರ್ಲರಿನಲ್ಲೆಲ್ಲ ಕೊಚ್ಚಿಕೊಂಡಿದ್ದಳು.

ಲಾಂಡ್ರಿಯವಳು ಗಂಟು ಬಿಚ್ಚಿ ಮೂಗಿಗೆ ಸೆರಗು ಹಿಡಿದಳು.

“ಅಯ್ಯೋ, ನೀವೂ ಇಲ್ಲೇ ಇಡ್ಬಾರದಿತ್ತಾ? ನಿಮ್ಮ ಯಜಮಾನ್ರು ಅದಕ್ಕೇ ತಾನೇ ಒಗೆದ ಶರ್ಟ್ ಮನೆಗೇ ಒಯ್ಯಲ್ಲ. ಬೆಳಿಗ್ಗೆ ಬಂದು ನಿನ್ನೇದು ಇಲ್ಲೇ ಬಿಚ್ಚಿಟ್ಟು, ಒಗೆದದ್ದು ಹಾಕ್ಕೊಂಡು ಹೋಗ್ತಾರೆ. ಮನೇಲಿಟ್ರೆ ನಾತ ಹಿಡಿಯುತ್ತೆ, ಗಿರಾಕಿಗಳು ಹತ್ರ ನಿಲ್ಲಲ್ಲ ಅಂತಾರೆ.”

ಅವಳು ಮೊಳೆಗೆ ತೂಗುಹಾಕಿದ್ದ ಅವನ ಬಿಳಿ ಶರ್ಟುಗಳನ್ನು ಕೊಡುವಂತೆ ಕೇಳಿ, ಗರಿ ಮುರಿಯದಂತೆ ತೋಳ ಮೇಲೆ ಹಾಕಿಕೊಂಡು ಮನೆಗೆ ಬಂದಳು.

ಸಂಜೆ ಅವನು ಒಳಗೆ ಬರುವಾಗ ಅವಳು ಬಕೆಟ್ ಇಟ್ಟುಕೊಂಡು ಗೋಡೆ ಒರೆಸುತ್ತಿದ್ದಳು.

“ಏನೇ ಇದು... ಅಯ್ಯೋ, ಅದು ನನ್ನ ಶರ್ಟಲ್ವಾ!”

“ಹೌದು.”

“ತಲೆ ನೆಟ್ಟಗಿದ್ಯಾ ನಿಂಗೆ? ನಾಳೆ ಶೋರೂಮಿಗೆ ಏನು ಹಾಕ್ಕೊಂಡು ಹೋಗ್ಲಿ?”

“ಬೀರುವಲ್ಲಿ ನಿಮ್ಮ ಹಳೇ ಶರ್ಟುಗಳಿವೆ.”

“ಅವು...”

“ಯಾಕೆ? ಸೋಪಿನ ವಾಸನೆ ತಾನೇ?”

ಅವನು ಮಂಚದ ಅಂಚಿಗೆ ಕುಸಿದು ಕುಳಿತ. “ಹೇಳಿದ್ರೆ ನೀನು ಮನೆ ಬಿಡೋಣ ಅಂತಿದ್ದೆ. ಇದು ಅಪ್ಪನ ಮನೆ ಕಣೇ.”

“ನನ್ನ ಕೆಲಸ ಹೋಗ್ತಿತ್ತು. ನಿಮ್ಮನ್ನೇ ಬಂದು ಕೇಳಿದೆ. ಮೂಸಿ ನೋಡಿ ಸುಳ್ಳು ಹೇಳಿದ್ರಲ್ಲ.”

ಅವನು ಮೇಲೆದ್ದು ಹತ್ತಿರ ಬಂದು ಅವಳ ಹೆಗಲು ಮುಟ್ಟಿದ. ಅವನಿಂದ ಗಂಜಿ ಹಾಕಿದ ಬಟ್ಟೆಯ ಶುಭ್ರ ಪರಿಮಳ ಬಂತು. ಅವಳು ಹೆಗಲು ಕೊಡವಿಕೊಂಡು, ಶರ್ಟಿನ ಕಪ್ಪಾದ ತೋಳನ್ನು ಒಳಗೆ ಮಡಚಿ, ಬೆಳ್ಳಗಿದ್ದ ಇನ್ನೊಂದು ತೋಳನ್ನು ಬಕೆಟ್ಟಿನಲ್ಲಿ ಅದ್ದಿದಳು.